ಹಿಡಕಲ್ ಡ್ಯಾಮಿನಿಂದ 30 ಅಡಿ ಅಲೆ ಬರುತ್ತಿದೆಯೇ? ಶಬ್ದದಿಂದ ನೀರು ಅಳೆಯುವ ಯಂತ್ರ ನಿಜವಾಗಿ ಹೇಳುವುದೇನು?

ಮಳೆಗಾಲ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಹೊಳೆಗಿಂತ ಮೊದಲು ವಾಟ್ಸ್‌ಆ್ಯಪ್ ಗುಂಪುಗಳು ತುಂಬಿ ಹರಿಯುತ್ತವೆ. ರಾತ್ರಿ ಹನ್ನೊಂದಕ್ಕೆ ನಿಮ್ಮ ಫೋನಿಗೆ ಹೀಗೊಂದು ಸಂದೇಶ ಬಂತು ಎಂದುಕೊಳ್ಳಿ: "ಹಿಡಕಲ್ ಡ್ಯಾಮಿನ ಗೇಟ್ ತೆಗೆದಿದ್ದಾರೆ. 30 ಅಡಿ ಎತ್ತರದ ಅಲೆ ಗೋಕಾಕ ಕಡೆ ಬರುತ್ತಿದೆ. ಶಬ್ದದ ಯಂತ್ರದಲ್ಲಿ ದಾಖಲಾಗಿದೆ. ಎಲ್ಲರಿಗೂ ಕಳಿಸಿ."

ಇದನ್ನು ನಂಬಬೇಕೇ? ಒಂದೇ ಮಾತಿನಲ್ಲಿ ಹೇಳುವುದಾದರೆ, ಶಬ್ದದಿಂದ ನೀರಿನ ಮಟ್ಟವನ್ನೂ ಅಲೆಯ ಎತ್ತರವನ್ನೂ ಅಳೆಯುವ ಯಂತ್ರಗಳು ಇರುವುದು ನಿಜ. ಆದರೆ ಗೇಟ್ ತೆಗೆದಾಗ 30 ಅಡಿಯ ನೀರಿನ ಗೋಡೆ ಊರಿನ ಕಡೆ ನುಗ್ಗಿ ಬರುತ್ತದೆ ಎಂಬುದು ಸುಳ್ಳು. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಇಂಥ ಸಂದೇಶವನ್ನು ನೀವೇ ಪರೀಕ್ಷಿಸಬಹುದು.

ಮೊದಲು ಮೂರು ಅಳತೆಗಳನ್ನು ಬೇರೆ ಮಾಡಿಕೊಳ್ಳೋಣ

ಫಾರ್ವರ್ಡ್ ಸಂದೇಶಗಳಲ್ಲಿ ಸಾಮಾನ್ಯವಾಗಿ ಕಲಸಿಹೋಗುವುದು ಈ ಮೂರು ಸಂಗತಿಗಳು.

ಒಂದು, ನೀರಿನ ಮಟ್ಟ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿರುವ ರಾಜಾ ಲಖಮಗೌಡ ಜಲಾಶಯದ ಗರಿಷ್ಠ ಮಟ್ಟ 2,175 ಅಡಿ. ಇದು ನೀರಿನ ಆಳ ಅಲ್ಲ, ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ ಎತ್ತರ. "ಡ್ಯಾಮಿನಲ್ಲಿ 2,175 ಅಡಿ ನೀರು ನಿಂತಿದೆ" ಎಂದು ಯಾರಾದರೂ ಬರೆದರೆ ಅಲ್ಲಿಯೇ ತಪ್ಪಾಗಿದೆ.

ಎರಡು, ಹರಿವು. ಇದನ್ನು ಕ್ಯುಸೆಕ್‌ನಲ್ಲಿ ಹೇಳುತ್ತಾರೆ. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯುಸೆಕ್, ಅಂದರೆ ಸುಮಾರು 28 ಲೀಟರ್. ಹರಿವು ಎಂದರೆ ಎತ್ತರವಲ್ಲ, ವೇಗವೂ ಅಲ್ಲ, ಒಂದು ಸೆಕೆಂಡಿನಲ್ಲಿ ದಾಟಿಹೋಗುವ ನೀರಿನ ಪ್ರಮಾಣ.

ಮೂರು, ಅಲೆಯ ಎತ್ತರ. ಅಲೆಯ ತುದಿಯಿಂದ ಅದರ ಪಕ್ಕದ ತಗ್ಗಿನವರೆಗಿನ ಅಂತರ ಇದು. ಗಾಳಿ ಬೀಸಿದಾಗ ಜಲಾಶಯದಲ್ಲಿ ಏಳುವ ಅಲೆ ಇಳಿದೇಳುತ್ತದೆ. ಆದರೆ ಜಲಾಶಯದಲ್ಲಿರುವ ಒಟ್ಟು ನೀರು ಅದರಿಂದ ಹೆಚ್ಚುವುದಿಲ್ಲ.

ಮಟ್ಟ ಏರುವುದು ಬೇರೆ, ಹರಿವು ಹೆಚ್ಚುವುದು ಬೇರೆ, ಅಲೆ ಏಳುವುದು ಬೇರೆ. ಇವು ಒಂದಕ್ಕೊಂದು ಸಂಬಂಧ ಇರುವ ಸಂಗತಿಗಳು ನಿಜ. ಆದರೆ ಒಂದರ ಸಂಖ್ಯೆಯನ್ನು ಇನ್ನೊಂದರ ಹೆಸರಿನಲ್ಲಿ ಹೇಳಿದರೆ ಅರ್ಥವೇ ಬದಲಾಗುತ್ತದೆ.

ಶಬ್ದ ಅಳತೆಗೋಲು ಆಗುವುದು ಹೇಗೆ?

ವಿಜಯಪುರದ ಗೋಲಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದವರಿಗೆ ಇದು ಗೊತ್ತು. ಶಬ್ದ ಹೋಗಿ ಎದುರಿನ ಗೋಡೆಗೆ ಬಡಿದು ಮರಳಿ ಬರುತ್ತದೆ. ಹೋಗಿ ಬರಲು ಹಿಡಿದ ಸಮಯ ಗೊತ್ತಾದರೆ ಗೋಡೆ ಎಷ್ಟು ದೂರ ಇದೆ ಎಂದು ಲೆಕ್ಕ ಹಾಕಬಹುದು. ಬಾವಲಿಗಳು ಕತ್ತಲಲ್ಲಿ ಹಾರುವುದೂ ಇದೇ ರೀತಿಯಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಪಾಲ್ ಲ್ಯಾಂಜೆವಿನ್, ನೀರಿನೊಳಗಿನ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಇದೇ ತತ್ವವನ್ನು ಬಳಸಿ ಉಪಕರಣ ತಯಾರಿಸಿದರು.

ನೀರಿನ ಮಟ್ಟ ಅಳೆಯುವ ಯಂತ್ರವನ್ನು ಸೇತುವೆಯ ಕೆಳಗೆ ಅಥವಾ ಅಣೆಕಟ್ಟೆಯಿಂದ ಚಾಚಿದ ಕಂಬಕ್ಕೆ, ನೀರಿನ ಕಡೆ ಮುಖ ಮಾಡಿ ಕಟ್ಟುತ್ತಾರೆ. ಅದು ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಕಂಪನಗಳಿರುವ ಶಬ್ದವನ್ನು ಸಣ್ಣ ಸಣ್ಣ ತುಣುಕುಗಳಾಗಿ ಕಳಿಸುತ್ತದೆ. ಇದು ಮನುಷ್ಯರ ಕಿವಿಗೆ ಕೇಳದ ಶಬ್ದ. ಇದನ್ನೇ ಅಲ್ಟ್ರಾಸೌಂಡ್ ಎನ್ನುತ್ತೇವೆ.

ಗಾಳಿಯ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಶಬ್ದ ಸೆಕೆಂಡಿಗೆ ಸುಮಾರು 346 ಮೀಟರ್ ಸಾಗುತ್ತದೆ. ಯಂತ್ರದಿಂದ ನೀರು 8 ಮೀಟರ್ ಕೆಳಗಿದೆ ಎಂದುಕೊಳ್ಳಿ. ಶಬ್ದ ಹೋಗಿ ಬರುವ ದಾರಿ 16 ಮೀಟರ್. ಅದಕ್ಕೆ ಹಿಡಿಯುವ ಸಮಯ ಸುಮಾರು 46 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ನೀರು ಒಂದು ಮೀಟರ್ ಏರಿದರೆ ಪ್ರತಿಧ್ವನಿ ಸುಮಾರು 6 ಮಿಲಿಸೆಕೆಂಡ್ ಬೇಗ ಬರುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಯಂತ್ರ ನೀರಿನ ಆಳವನ್ನು ಅಳೆಯುವುದಿಲ್ಲ. ತನಗೂ ನೀರಿಗೂ ನಡುವೆ ಇರುವ ಖಾಲಿ ಜಾಗವನ್ನು ಅಳೆಯುತ್ತದೆ. ಯಂತ್ರವನ್ನು ಸಮುದ್ರ ಮಟ್ಟದಿಂದ 2,190 ಅಡಿ ಎತ್ತರದಲ್ಲಿ ಕಟ್ಟಿದ್ದಾರೆ ಎನ್ನಿ. ಖಾಲಿ ಜಾಗ 20 ಅಡಿ ಬಂದರೆ ನೀರಿನ ಮಟ್ಟ 2,170 ಅಡಿ. ಖಾಲಿ ಜಾಗ ಕಡಿಮೆಯಾದಷ್ಟೂ ನೀರು ಮೇಲೆ ಬಂದಿದೆ ಎಂದರ್ಥ. ಈ ಲೆಕ್ಕ ತಿಳಿಯದವರು ಪರದೆಯ ಮೇಲಿನ "20 ಅಡಿ" ಎಂಬ ಸಂಖ್ಯೆಯನ್ನು ಫೋಟೊ ತೆಗೆದು "20 ಅಡಿ ನೀರು ಏರಿದೆ" ಎಂದು ಹಾಕಿಬಿಟ್ಟರೆ, ಸಂಖ್ಯೆ ಸರಿಯಿದ್ದರೂ ಸುದ್ದಿ ಸುಳ್ಳು.

ಅದೇ ಯಂತ್ರದಿಂದ ಅಲೆಯ ಎತ್ತರ ಸಿಗುವುದು ಹೇಗೆ?

ನೀರು ಎಂದೂ ಕನ್ನಡಿಯಂತೆ ನಿಂತಿರುವುದಿಲ್ಲ. ಆದ್ದರಿಂದ ಮಟ್ಟ ಬೇಕಾದಾಗ ಹಲವು ಅಳತೆಗಳನ್ನು ತೆಗೆದು ಸರಾಸರಿ ಮಾಡುತ್ತಾರೆ. ಆಗ ಅಲೆಗಳು ಅಳಿಸಿಹೋಗಿ ಮಟ್ಟ ಮಾತ್ರ ಉಳಿಯುತ್ತದೆ. ಕೆಲವು ಕಡೆ ನೀರಿನಲ್ಲಿ ಕೊಳವೆಯೊಂದನ್ನು ನಿಲ್ಲಿಸಿ, ಅದಕ್ಕೆ ಕೆಳಗೆ ಸಣ್ಣ ರಂಧ್ರ ಇಟ್ಟು, ಒಳಗಿನ ಶಾಂತ ನೀರನ್ನು ಅಳೆಯುತ್ತಾರೆ. ಹೊರಗೆ ಅಲೆ ಎಷ್ಟೇ ಕುಣಿದರೂ ಕೊಳವೆಯೊಳಗೆ ನೀರು ನಿಧಾನವಾಗಿಯೇ ಏರಿಳಿಯುತ್ತದೆ.

ಅಲೆ ಬೇಕಾದರೆ ಇದರ ಉಲ್ಟಾ ಕೆಲಸ. ಒಂದು ಸೆಕೆಂಡಿನಲ್ಲಿ ಹಲವು ಸಲ ಅಳೆದು, ಸರಾಸರಿಯನ್ನು ತೆಗೆದುಹಾಕಿ, ಉಳಿದ ಏರಿಳಿತವನ್ನು ನೋಡುತ್ತಾರೆ. ಯಂತ್ರ ಒಂದೇ, ಲೆಕ್ಕ ಬೇರೆ.

ಉದಾಹರಣೆಗೆ, ಗಾಳಿ ಬೀಸುವ ಒಂದು ದಿನ ಕೆರೆಯೊಂದರಲ್ಲಿ ಹನ್ನೆರಡು ಅಲೆಗಳ ಎತ್ತರ ಸೆಂಟಿಮೀಟರ್‌ನಲ್ಲಿ ಹೀಗೆ ಬಂತು ಎಂದುಕೊಳ್ಳಿ: 8, 10, 12, 12, 14, 15, 16, 18, 20, 24, 27, 33. ಇವುಗಳ ಸರಾಸರಿ ಸುಮಾರು 17. ಅತಿ ದೊಡ್ಡ ಅಲೆ 33. ಅಲೆ ವಿಜ್ಞಾನದಲ್ಲಿ ಹೆಚ್ಚಾಗಿ ಬಳಸುವುದು ಮೂರನೆಯ ಒಂದು ಸಂಖ್ಯೆಯನ್ನು. ಎಲ್ಲ ಅಲೆಗಳಲ್ಲಿ ದೊಡ್ಡದಾದ ಮೂರನೇ ಒಂದು ಭಾಗವನ್ನು, ಇಲ್ಲಿ ಕೊನೆಯ ನಾಲ್ಕನ್ನು, ತೆಗೆದುಕೊಂಡು ಅವುಗಳ ಸರಾಸರಿ ಮಾಡುತ್ತಾರೆ. ಅದು 26 ಸೆಂಟಿಮೀಟರ್. ಇದನ್ನು ಗಣನೀಯ ಅಲೆ ಎತ್ತರ ಎನ್ನುತ್ತಾರೆ.

ಒಂದೇ ನೀರು, ಒಂದೇ ಹೊತ್ತು, ಆದರೆ 17, 26, 33 ಎಂಬ ಮೂರು ಸಂಖ್ಯೆಗಳು. ಮೂರೂ ಸರಿ. ಯಾವುದನ್ನು ಹೇಳುತ್ತಿದ್ದಾರೆ ಎಂಬುದು ಮುಖ್ಯ. 33 ಸೆಂಟಿಮೀಟರ್ ಅಲೆ ಎಂದರೆ ನೀರಿನ ಮಟ್ಟ 33 ಸೆಂಟಿಮೀಟರ್ ಏರಿತು ಎಂದಲ್ಲ. ಅಲೆಯ ಅರ್ಧ ಭಾಗ ಸರಾಸರಿ ಮಟ್ಟಕ್ಕಿಂತ ಮೇಲೆ, ಉಳಿದರ್ಧ ಅದಕ್ಕಿಂತ ಕೆಳಗೆ ಇರುತ್ತದೆ.

ಜಲಾಶಯದಲ್ಲಿ ಅಲೆಯ ಲೆಕ್ಕ ಯಾಕೆ ಬೇಕು? ಗಾಳಿ ಎಷ್ಟು ದೂರ ತೆರೆದ ನೀರಿನ ಮೇಲೆ ಬೀಸುತ್ತದೋ ಅಷ್ಟು ಅಲೆ ಬೆಳೆಯುತ್ತದೆ. ಬೆಳೆದ ಅಲೆ ಅಣೆಕಟ್ಟೆಯ ಇಳಿಜಾರಿಗೆ ಬಡಿದು ಮೇಲಕ್ಕೆ ಹತ್ತುತ್ತದೆ. ಅದಕ್ಕಾಗಿಯೇ ನೀರಿನ ಗರಿಷ್ಠ ಮಟ್ಟಕ್ಕಿಂತ ಅಣೆಕಟ್ಟೆಯ ತಲೆಯನ್ನು ಹಲವು ಅಡಿ ಎತ್ತರಕ್ಕೆ ಕಟ್ಟಿರುತ್ತಾರೆ. ಡ್ಯಾಮ್ ತುಂಬಿದ ದಿನ ಗಾಳಿಗೆ ಅಲೆ ಎದ್ದ ವಿಡಿಯೊ ನೋಡಿ "ಡ್ಯಾಮ್ ಉಕ್ಕಿ ಹರಿಯುತ್ತಿದೆ" ಎಂದು ಹೆದರಬೇಕಿಲ್ಲ. ಆ ಅಲೆಗೂ ಜಾಗ ಬಿಟ್ಟೇ ಅಣೆಕಟ್ಟೆ ಕಟ್ಟುತ್ತಾರೆ.

ಯಂತ್ರ ಎಲ್ಲಿ ತಪ್ಪುತ್ತದೆ?

ಯಂತ್ರದಲ್ಲಿ ಬಂದ ಮಾತ್ರಕ್ಕೆ ಎಲ್ಲವೂ ನಿಜವಲ್ಲ. ಶಬ್ದದ ಯಂತ್ರ ಮೋಸ ಹೋಗುವ ಸಂದರ್ಭಗಳು ಇವು.

ಬಿಸಿಲು: ಗಾಳಿ ಬಿಸಿಯಾದಂತೆ ಶಬ್ದದ ವೇಗ ಹೆಚ್ಚುತ್ತದೆ. 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಇರುವುದು 40 ಡಿಗ್ರಿಯಲ್ಲಿ ಸುಮಾರು 355 ಮೀಟರ್ ಆಗುತ್ತದೆ. ಯಂತ್ರಕ್ಕೆ ಉಷ್ಣತೆ ಗೊತ್ತಿಲ್ಲದಿದ್ದರೆ, ಪ್ರತಿಧ್ವನಿ ಬೇಗ ಬಂದದ್ದನ್ನು ನೀರು ಹತ್ತಿರ ಬಂದಿದೆ ಎಂದೇ ಅದು ತಿಳಿಯುತ್ತದೆ. 8 ಮೀಟರ್ ದೂರದ ಅಳತೆಯಲ್ಲಿ ಈ ತಪ್ಪು ಸುಮಾರು 27 ಸೆಂಟಿಮೀಟರ್, ಹತ್ತಿರ ಹತ್ತಿರ ಒಂದು ಅಡಿ. ಒಂದು ಹನಿ ಮಳೆ ಬೀಳದೆ, ನಡು ಮಧ್ಯಾಹ್ನ ಹೊಳೆ ಒಂದು ಅಡಿ ಏರಿದಂತೆ ಕಾಣುತ್ತದೆ. ಅದಕ್ಕೇ ಒಳ್ಳೆಯ ಯಂತ್ರಗಳಲ್ಲಿ ಉಷ್ಣತೆ ಅಳೆದು ಲೆಕ್ಕ ಸರಿಪಡಿಸುವ ವ್ಯವಸ್ಥೆ ಇರುತ್ತದೆ.

ತೇಲುವ ಕಸ: ಹೊಸ ನೀರು ಬಂದಾಗ ಕಬ್ಬಿನ ರವದಿ, ಮರದ ಕೊಂಬೆ, ಅಂತರಗಂಗೆ ತೇಲಿ ಬಂದು ಸೇತುವೆಯ ಕಂಬಕ್ಕೆ ಸಿಕ್ಕಿಕೊಳ್ಳುತ್ತವೆ. ಯಂತ್ರದ ಕೆಳಗೇ ರಾಶಿ ನಿಂತರೆ ಶಬ್ದ ನೀರಿಗೆ ಬಡಿಯದೆ ಆ ರಾಶಿಗೆ ಬಡಿದು ಮರಳುತ್ತದೆ. ಯಂತ್ರದ ಮಟ್ಟಿಗೆ ಅದೇ ನೀರು.

ನೊರೆ ಮತ್ತು ತುಂತುರು: ಗೋಕಾಕ ಜಲಪಾತದಲ್ಲಿ ಘಟಪ್ರಭಾ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಅದರ ಆರ್ಭಟ ದೂರಕ್ಕೆ ಕೇಳುತ್ತದೆ. ಆ ಸದ್ದಿನಿಂದಲೇ ಯಂತ್ರ ಕೆಡುತ್ತದೆ ಎಂದು ಅನಿಸುವುದು ಸಹಜ. ಆದರೆ ಯಂತ್ರ ಕೇಳಿಸಿಕೊಳ್ಳುವುದು ತಾನು ಕಳಿಸಿದ ಸ್ವರವನ್ನು ಮಾತ್ರ, ಜಲಪಾತದ ಗುಡುಗು ಬಹುಪಾಲು ಅದಕ್ಕಿಂತ ಬಹಳ ಕೆಳಗಿನ ಸ್ವರ. ನಿಜವಾದ ತೊಂದರೆ ನೊರೆ ಮತ್ತು ನೀರಿನ ತುಂತುರು. ನೊರೆ ಶಬ್ದವನ್ನು ಹೀರಿಕೊಳ್ಳುತ್ತದೆ, ತುಂತುರು ಅದನ್ನು ಚದುರಿಸುತ್ತದೆ. ಆದ್ದರಿಂದ ಇಂಥ ಯಂತ್ರವನ್ನು ಜಲಪಾತದ ಬುಡದಲ್ಲಿ ಕಟ್ಟಿದರೆ ಪ್ರಯೋಜನವಿಲ್ಲ. ನೀರು ಶಾಂತವಾಗಿ ಹರಿಯುವ ಜಾಗವೇ ಬೇಕು.

ತೀರ ಹತ್ತಿರದ ನೀರು: ಗಂಟೆ ಹೊಡೆದ ಮೇಲೆ ಸ್ವಲ್ಪ ಹೊತ್ತು ಅದು ಗುಂಯ್‌ಗುಡುತ್ತದೆ ಅಲ್ಲವೇ? ಯಂತ್ರವೂ ಹಾಗೆಯೇ. ಶಬ್ದ ಕಳಿಸಿದ ಕೂಡಲೇ ಅದಕ್ಕೆ ಬೇರೇನೂ ಕೇಳುವುದಿಲ್ಲ. ಹೀಗಾಗಿ ನೀರು ತೀರ ಹತ್ತಿರಕ್ಕೆ ಬಂದರೆ ಅಳತೆ ಸಿಗುವುದಿಲ್ಲ, ಇಲ್ಲವೇ ತಪ್ಪು ಸಂಖ್ಯೆ ಬರುತ್ತದೆ. ಅಂದರೆ ಮಹಾಪೂರ ಸೇತುವೆಯ ಮಟ್ಟಕ್ಕೆ ಬಂದಾಗ, ಅಳತೆ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಈ ಯಂತ್ರ ಕೈಕೊಡಬಹುದು. ಕಂಬದ ಮೇಲೆ ಬಣ್ಣದಲ್ಲಿ ಬರೆದ ಅಳತೆ ಪಟ್ಟಿ ಇಂದಿಗೂ ಬೇಕಾಗುವುದು ಇದಕ್ಕೇ.

ಈ ಕಾರಣಗಳಿಂದ ಈಗ ಹಲವು ಕಡೆ ಶಬ್ದದ ಬದಲು ರಾಡಾರ್ ಯಂತ್ರ ಬಳಸುತ್ತಾರೆ. ಅದು ಕಳಿಸುವುದು ರೇಡಿಯೊ ಅಲೆ. ಅದರ ವೇಗದ ಮೇಲೆ ಬಿಸಿಲು, ಚಳಿಯ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ಸೇತುವೆಯ ಮೇಲೆ ಸೌರಫಲಕದ ಜೊತೆ ಕಾಣುವ ಪೆಟ್ಟಿಗೆ ಶಬ್ದದ್ದೂ ಇರಬಹುದು, ರಾಡಾರಿನದ್ದೂ ಇರಬಹುದು.

ನೀರಿನೊಳಗಿಂದಲೂ ಅಳೆಯಬಹುದು

ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ, ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ. ತಳದಲ್ಲಿ ಯಂತ್ರ ಇಟ್ಟು ಮೇಲ್ಮುಖವಾಗಿ ಶಬ್ದ ಕಳಿಸಿದರೆ ಅದು ನೀರಿನ ಮೇಲ್ಮೈಗೆ ಒಳಗಿನಿಂದ ಬಡಿದು ಮರಳುತ್ತದೆ. ಸಮುದ್ರತೀರದ ಹತ್ತಿರ ಅಲೆ ಅಳೆಯಲು ಈ ವಿಧಾನ ಬಳಸುತ್ತಾರೆ.

ಹೊಳೆಯಲ್ಲಿ ಹರಿವು ಅಳೆಯಲು ಇನ್ನೊಂದು ಉಪಾಯ ಇದೆ. ದೋಣಿಗೆ ಕಟ್ಟಿದ ಯಂತ್ರ ನೀರಿನೊಳಕ್ಕೆ ಶಬ್ದ ಕಳಿಸುತ್ತದೆ. ನೀರಿನ ಜೊತೆ ಸಾಗುವ ಮಣ್ಣಿನ ಕಣಗಳಿಗೆ ಬಡಿದು ಮರಳಿದ ಶಬ್ದದ ಸ್ವರ ಸ್ವಲ್ಪ ಬದಲಾಗಿರುತ್ತದೆ. ರೈಲು ಹತ್ತಿರ ಬರುವಾಗ ಹಾರ್ನ್ ಸ್ವರ ಏರಿ, ದಾಟಿಹೋದ ಮೇಲೆ ಇಳಿಯುವುದನ್ನು ನೀವು ಕೇಳಿರುತ್ತೀರಿ. ಇದೂ ಅದೇ, ಡಾಪ್ಲರ್ ಪರಿಣಾಮ. ಸ್ವರ ಎಷ್ಟು ಬದಲಾಯಿತು ಎಂಬುದರಿಂದ ನೀರಿನ ವೇಗ ತಿಳಿಯುತ್ತದೆ. ವೇಗ, ಅಗಲ, ಆಳ ಮೂರೂ ಸೇರಿದರೆ ಕ್ಯುಸೆಕ್ ಲೆಕ್ಕ ಸಿಗುತ್ತದೆ.

ಕಾರವಾರದ ಕಡೆಯ ಸಮುದ್ರದ ಅಲೆ ಎಚ್ಚರಿಕೆಗಳನ್ನೂ ನೀವು ನೋಡಿರಬಹುದು. ಅವನ್ನು ಕೊಡುವುದು ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ. ಸಮುದ್ರದ ಅಲೆ ಅಳೆಯುವ ಎಲ್ಲ ಉಪಕರಣಗಳೂ ಶಬ್ದದವಲ್ಲ. ಹಲವು ಕಡೆ ತೇಲುವ ಬೋಯ್ ತಾನೇ ಅಲೆಯ ಜೊತೆ ಏರಿಳಿದು ಆ ಚಲನೆಯನ್ನು ದಾಖಲಿಸುತ್ತದೆ. 2004ರ ಸುನಾಮಿಯ ನಂತರ ಸಮುದ್ರದ ತಳದಲ್ಲಿ ಇರಿಸಿದ ಒತ್ತಡ ಮಾಪಕಗಳು ಅಳತೆಯನ್ನು ಶಬ್ದದ ಮೂಲಕ ಮೇಲಿನ ಬೋಯ್‌ಗೆ ಕಳಿಸುತ್ತವೆ. ಅಲ್ಲಿಂದ ಅದು ಉಪಗ್ರಹದ ಮೂಲಕ ಕೇಂದ್ರಕ್ಕೆ ತಲುಪುತ್ತದೆ.

ಈ ಶಬ್ದದಿಂದ ಮೀನು ಸಾಯುತ್ತವೆಯೇ?

ಸೇತುವೆಗೆ ಕಟ್ಟಿದ ಯಂತ್ರದ ಬಗ್ಗೆ ಹೇಳುವುದಾದರೆ, ಇಲ್ಲ. ಗಾಳಿಯಲ್ಲಿ ಬಂದ ಶಬ್ದ ನೀರಿನ ಮೇಲ್ಮೈಗೆ ಬಡಿದಾಗ ಅದರ ಶಕ್ತಿಯಲ್ಲಿ ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ ಒಳಗೆ ಹೋಗುತ್ತದೆ, ಉಳಿದದ್ದೆಲ್ಲ ಮರಳಿ ಬರುತ್ತದೆ. ಯಂತ್ರ ಅಷ್ಟು ಚೆನ್ನಾಗಿ ಕೆಲಸ ಮಾಡುವುದೂ ಇದರಿಂದಲೇ. ಕಾರಿನ ಹಿಂದೆ ಇರುವ ಪಾರ್ಕಿಂಗ್ ಸೆನ್ಸರ್ ಕೂಡ ಇದೇ ಜಾತಿಯದು.

ಹಾಗಾದರೆ 30 ಅಡಿ ಅಲೆ?

ಈಗ ಮೊದಲಿನ ಸಂದೇಶಕ್ಕೆ ಬರೋಣ. ಗೇಟ್ ತೆಗೆದಾಗ ಹೊಳೆಯಲ್ಲಿ ಹರಿವು ಹೆಚ್ಚುತ್ತದೆ. ಆ ಹೆಚ್ಚಳ ಕೆಳಕ್ಕೆ ಸಾಗುತ್ತ ಉದ್ದವಾಗಿ ಹರಡಿಕೊಳ್ಳುತ್ತದೆ. ಊರಿನ ಹತ್ತಿರ ಅದು ಗೋಡೆಯಂತೆ ಕಾಣುವುದಿಲ್ಲ, ಮೆಟ್ಟಿಲೊಂದರ ನಂತರ ಇನ್ನೊಂದು ಮುಳುಗುವಂತೆ ಗಂಟೆಗಟ್ಟಲೆ ಏರುತ್ತದೆ. ನೀರು ಗೋಡೆಯಂತೆ ನುಗ್ಗುವುದು ಅಣೆಕಟ್ಟೆಯೇ ಒಡೆದಂಥ ಸಂದರ್ಭದಲ್ಲಿ.

ಸಂದೇಶದಲ್ಲಿ ಕ್ಯುಸೆಕ್ ಸಂಖ್ಯೆ ಇದ್ದರೆ ಅದನ್ನೂ ಪರೀಕ್ಷಿಸಬಹುದು. ಹಿಡಕಲ್ ಜಲಾಶಯದ ಸಾಮರ್ಥ್ಯ ಸುಮಾರು 51 ಟಿಎಂಸಿ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. "10 ಲಕ್ಷ ಕ್ಯುಸೆಕ್ ಬಿಟ್ಟಿದ್ದಾರೆ" ಎಂದು ಬರೆದಿದ್ದರೆ, ಆ ಲೆಕ್ಕದಲ್ಲಿ ತುಂಬಿದ ಡ್ಯಾಮ್ ಸುಮಾರು 14 ಗಂಟೆಯಲ್ಲಿ ಖಾಲಿಯಾಗಬೇಕು. ಒಂದು ಸೊನ್ನೆ ಹೆಚ್ಚಾಗಿರುವ ಸಾಧ್ಯತೆಯೇ ಹೆಚ್ಚು. 50,000 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ ಸುಮಾರು 4.3 ಟಿಎಂಸಿ ಆಗುತ್ತದೆ. ಇದು ನಂಬಬಹುದಾದ ಲೆಕ್ಕ.

ಆದರೆ ಗೋಡೆಯಂಥ ಅಲೆ ಬರುವುದಿಲ್ಲ ಎಂದರೆ ಅಪಾಯವಿಲ್ಲ ಎಂದಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆಯ ನೀರು ಗೋಕಾಕ ನಗರದೊಳಗೆ ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು, ಮೂಡಲಗಿ ತಾಲ್ಲೂಕಿನ ಹೊಳೆದಂಡೆಯ ಊರುಗಳ ಜನ ಮನೆ ಬಿಡಬೇಕಾಯಿತು. ಅದಕ್ಕೆ 30 ಅಡಿ ಅಲೆ ಬೇಕಾಗಲಿಲ್ಲ. ಏರುತ್ತ ಹೋದ ಮಟ್ಟವೇ ಸಾಕಾಯಿತು.

ಇನ್ನೊಂದು ಮಾತು ಈ ಭಾಗದವರು ಮರೆಯಬಾರದು. ಗೋಕಾಕಕ್ಕೆ ನೀರು ಹಿಡಕಲ್‌ನಿಂದ ಮಾತ್ರ ಬರುವುದಿಲ್ಲ. ಸಂಕೇಶ್ವರದ ಮೂಲಕ ಹರಿಯುವ ಹಿರಣ್ಯಕೇಶಿ ಡ್ಯಾಮಿನ ಕೆಳಗೆ ಘಟಪ್ರಭೆಯನ್ನು ಸೇರುತ್ತದೆ. ಮಾರ್ಕಂಡೇಯ ನದಿ ಗೋಕಾಕದ ಹತ್ತಿರ ಸೇರುತ್ತದೆ. "ಹಿಡಕಲ್ ಗೇಟ್ ಬಂದ್ ಇದೆ, ಹೆದರಬೇಡಿ" ಎಂಬ ಫಾರ್ವರ್ಡ್ ಕೂಡ 30 ಅಡಿ ಅಲೆಯ ಫಾರ್ವರ್ಡ್‌ನಷ್ಟೇ ಅಪಾಯಕಾರಿ. ಒಂದು ಸುಳ್ಳು ಜನರನ್ನು ಕತ್ತಲಲ್ಲಿ ಓಡಿಸುತ್ತದೆ. ಇನ್ನೊಂದು, ದನಕರು ಬಿಚ್ಚಿಕೊಂಡು ಹೊರಡಬೇಕಾದವರನ್ನು ಮನೆಯಲ್ಲೇ ಕೂರಿಸುತ್ತದೆ.

ಫಾರ್ವರ್ಡ್ ಮಾಡುವ ಮುನ್ನ ಐದು ಪ್ರಶ್ನೆ

1. ಸಂಖ್ಯೆ ಯಾವುದರದ್ದು? ಮಟ್ಟವೋ, ಹರಿವೋ, ಅಲೆಯೋ?
2. ಎಲ್ಲಿ ಅಳೆದದ್ದು? ಡ್ಯಾಮಿನಲ್ಲೋ, ಧೂಪದಾಳದಲ್ಲೋ, ಲೋಳಸೂರ ಸೇತುವೆಯಲ್ಲೋ?
3. ಯಾವ ದಿನ, ಎಷ್ಟು ಗಂಟೆಗೆ? ದಿನಾಂಕ ಇಲ್ಲದ ವಿಡಿಯೊ ಹಳೆಯ ಮಹಾಪೂರದ್ದಿರಬಹುದು.
4. ಎತ್ತರ ಎಲ್ಲಿಂದ ಲೆಕ್ಕ ಹಾಕಿದ್ದು? ಸಮುದ್ರ ಮಟ್ಟದಿಂದಲೋ, ನದಿಯ ತಳದಿಂದಲೋ?
5. ಹೇಳಿದ್ದು ಯಾರು? ಜಿಲ್ಲಾಡಳಿತ, ತಹಶೀಲ್ದಾರ್ ಕಚೇರಿ ಅಥವಾ ನೀರಾವರಿ ಇಲಾಖೆಯ ಪ್ರಕಟಣೆ ಇದೆಯೇ?

ಐದರಲ್ಲಿ ಒಂದಕ್ಕೂ ಉತ್ತರ ಇಲ್ಲದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ. ಅನುಮಾನ ಇದ್ದರೆ ಜಿಲ್ಲಾ ಸಹಾಯವಾಣಿ 1077ಕ್ಕೆ ಕರೆ ಮಾಡಿ ಕೇಳಿ. ಜೀವಕ್ಕೆ ಅಪಾಯ ಇದ್ದರೆ 112ಕ್ಕೆ ಕರೆ ಮಾಡಿ.

ಊರು ಬಿಡಿ ಎಂದು ಡಂಗುರ ಸಾರಿದರೆ ಅಥವಾ ಅಧಿಕಾರಿಗಳು ಮನೆ ಬಾಗಿಲಿಗೆ ಬಂದು ಹೇಳಿದರೆ ಸಂಖ್ಯೆ ಪರೀಕ್ಷಿಸುತ್ತ ಕೂರಬೇಡಿ, ಹೊರಡಿ. ಮುಳುಗಿದ ಸೇತುವೆಯ ಮೇಲೆ ಬೈಕ್, ಟ್ರ್ಯಾಕ್ಟರ್ ಓಡಿಸಬೇಡಿ. ಮೊಣಕಾಲಿನವರೆಗಿನ ನೀರು ಕೂಡ ಸೆಳೆತ ಇದ್ದರೆ ಮನುಷ್ಯರನ್ನು ಬೀಳಿಸುತ್ತದೆ, ಎರಡು ಅಡಿ ಹರಿಯುವ ನೀರು ಕಾರನ್ನೇ ತೇಲಿಸಿಕೊಂಡು ಹೋಗುತ್ತದೆ.

ನೆನಪಿಡಬೇಕಾದದ್ದು ಇಷ್ಟು. ಯಂತ್ರ ಅಳೆಯುವುದು ಒಂದು ಶಬ್ದ ಹೋಗಿ ಬಂದ ಸಮಯವನ್ನು ಮಾತ್ರ. ಉಳಿದದ್ದೆಲ್ಲ ಲೆಕ್ಕ. ಆ ಲೆಕ್ಕವನ್ನು ಯಾರು, ಎಲ್ಲಿ, ಯಾವಾಗ ಮಾಡಿದರು ಎಂದು ತಿಳಿಯದ ಸಂಖ್ಯೆ ಎಷ್ಟೇ ದೊಡ್ಡದಾಗಿದ್ದರೂ ಅದು ಸುದ್ದಿಯಲ್ಲ.